ಲಾಡಿಯ ಗುರುತು

ಪ್ರತಿವರ್ಷ ಏಪ್ರಿಲ್ 24ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ, ಬೆಂಗಳೂರಿನಲ್ಲಿ ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಸಂಕ್ರಾಂತಿಯ ಸಂಜೆ ಅದೇ ಸೂರ್ಯನ ಕಿರಣ ಗವಿಪುರದ ಗುಹೆಯೊಳಗೆ ಹೊಕ್ಕು ಗಂಗಾಧರೇಶ್ವರನನ್ನು ಮುಟ್ಟುವುದನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಇಲ್ಲಿ ಗಿರಿನಗರದಲ್ಲಿ ಬೆಳಗಾದರೆ ಹೂವಿನವರು, ಸೊಪ್ಪಿನವರು, ಬೀದಿ ಗುಡಿಸುವ ಪೌರಕಾರ್ಮಿಕರು ಎಲ್ಲರೂ ಈ ಬಿಸಿಲಿಗೆ ಮೈಯೊಡ್ಡಿಯೇ ದಿನ ತೆಗೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ ಎಂಬುದು ಅಲ್ಲಿಯವರ ಲೆಕ್ಕ. ಇಷ್ಟು ಬಿಸಿಲು ಬೀಳುವ ನಮ್ಮ ನೆಲದಲ್ಲಿ ಅದು ಅಪರೂಪ.

ನಮ್ಮನ್ನು ಕಾಯುತ್ತಿರುವುದು ನಮ್ಮ ಮೈಬಣ್ಣ. ಮೆಲನಿನ್ ಎಂಬ ಕಪ್ಪು ವಸ್ತು ಜೀವಕೋಶದ ಕೇಂದ್ರದ ಮೇಲೆ ಕೊಡೆ ಹಿಡಿದಂತೆ ಕವಿದು, ಅತಿನೇರಳೆ ಕಿರಣವನ್ನು ತಾನೇ ಹೀರಿಕೊಂಡು ಒಳಗಿನ ಡಿಎನ್ಎ ಕೆಡದಂತೆ ನೋಡಿಕೊಳ್ಳುತ್ತದೆ. ತಲೆತಲಾಂತರದಿಂದ ಬಂದ ಈ ರಕ್ಷಣೆಯನ್ನೇ ನಾವು ಕಪ್ಪು ಎಂದು ಹೀಗಳೆದೆವು. ಹೆಣ್ಣು ನೋಡಲು ಹೋದ ಮನೆಯಲ್ಲಿ ಅದನ್ನೊಂದು ಕೊರತೆಯಾಗಿ ಎಣಿಸಿದೆವು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ, ಕೂದಲು ರೆಪ್ಪೆ ಎಲ್ಲ ಬೆಳ್ಳಗಿರುವ ಮಕ್ಕಳಿಗೆ ಈ ಕಾಪು ಇಲ್ಲ. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್ ಅವರಿಗೆ ಔಷಧಿಯಷ್ಟೇ ಅಗತ್ಯ.

ಚರ್ಮದ ಕ್ಯಾನ್ಸರ್ ಹಲವು ಬಗೆ. ಬಣ್ಣ ತಯಾರಿಸುವ ಜೀವಕೋಶಗಳಲ್ಲಿ ಹುಟ್ಟಿ ಬೇಗ ಹರಡುವ ಮೆಲನೋಮಾವನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಉಳಿದವುಗಳಲ್ಲಿ ಮುಖ್ಯವಾದವು ಎರಡು. ಬೇಸಲ್ ಸೆಲ್ ಕಾರ್ಸಿನೋಮಾ ಹೆಚ್ಚಾಗಿ ಮೂಗಿನ ಬದಿಯಲ್ಲಿ, ಕಣ್ಣಿನ ಅಂಚಿನಲ್ಲಿ ಸಣ್ಣ ಹೊಳಪಿನ ಗುಳ್ಳೆಯಾಗಿ ಏಳುತ್ತದೆ. ನಮ್ಮವರಲ್ಲಿ ಅದು ಬಹಳ ಸಲ ಕಪ್ಪಾಗಿಯೇ ಇರುವುದರಿಂದ ಮಚ್ಚೆ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ದೂರದ ಅಂಗಗಳಿಗೆ ಅದು ಹೋಗುವುದು ತೀರ ಕಡಿಮೆ, ಆದರೆ ಇದ್ದಲ್ಲೇ ಮೂಗನ್ನೋ ರೆಪ್ಪೆಯನ್ನೋ ಕೊರೆಯುತ್ತ ಹೋಗುತ್ತದೆ. ಇನ್ನೊಂದು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ. ಹಕ್ಕಳೆ ಕಟ್ಟಿದ ಒರಟು ಗಂಟು, ಇಲ್ಲವೇ ಅಂಚು ದಪ್ಪಗಾಗಿ ಎಷ್ಟು ದಿನವಾದರೂ ಮಾಯದ ಹುಣ್ಣು. ಬಿಟ್ಟರೆ ಇದು ತೊಡೆಸಂದು, ಕಂಕುಳಿನ ಗ್ರಂಥಿಗಳಿಗೂ ಇಳಿಯಬಲ್ಲದು. ಬಿಳಿಯರಲ್ಲಿ ಮೊದಲನೆಯದು ಹೆಚ್ಚು. ನಮ್ಮ ದೇಶದ ಅನೇಕ ಆಸ್ಪತ್ರೆಗಳ ದಾಖಲೆಗಳಲ್ಲಿ ಎರಡನೆಯದೇ ಮುಂದು. ಏಕೆಂದರೆ ಅದು ಇಲ್ಲಿಗೆ ಬೇರೆ ದಾರಿಗಳಲ್ಲೂ ಬರುತ್ತದೆ.

ಆ ದಾರಿಗಳಲ್ಲೊಂದು ನಮ್ಮ ಮನೆಯ ಹೆಂಗಸರ ಸೊಂಟದ ಮೇಲೇ ಇದೆ. ಸೀರೆ ಜಾರದಿರಲೆಂದು ಲಂಗದ ಲಾಡಿಯನ್ನು ಬಿಗಿದು ಕಟ್ಟುತ್ತಾರೆ. ಬೆಳಗ್ಗೆ ಸ್ನಾನ ಮುಗಿಸಿ ಕಟ್ಟಿದ್ದು ರಾತ್ರಿ ಮಲಗುವಾಗಲೂ ಬಿಚ್ಚುವುದಿಲ್ಲ. ಗಂಟು ಬೀಳುವುದು ವರ್ಷಾನುಗಟ್ಟಲೆ ಅದೇ ಜಾಗದಲ್ಲಿ. ಬೆವರು, ಒಲೆಯ ಕಾವು, ಹಗ್ಗದ ಉಜ್ಜು ಸೇರಿ ಚರ್ಮ ಮೊದಲು ಕಪ್ಪಾಗುತ್ತದೆ, ಆಮೇಲೆ ಒರಟಾಗಿ ಹೊಟ್ಟೇಳುತ್ತದೆ, ಕೆಲವೆಡೆ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. ಅರವತ್ತು ದಾಟಿದ ಎಷ್ಟೋ ತಾಯಂದಿರ ಮೈಮೇಲೆ ಈ ಗೆರೆ ಉಂಟು. ನಮ್ಮ ದೊಡ್ಡಮ್ಮನಿಗೂ ಇತ್ತು. ಒಂದು ದಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಮಗಳು, "ಅಮ್ಮ, ಇಲ್ಲಿ ಬಿರುಕು ಬಿಟ್ಟಿದೆಯಲ್ಲ, ಯಾವಾಗಿನಿಂದ?" ಎಂದಳು. "ಅಯ್ಯೋ ಬಿಡೇ, ಲಾಡಿ ಒತ್ತಿದ್ದು. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಹೋಗತ್ತೆ" ಎಂದರು ದೊಡ್ಡಮ್ಮ. ಅವರದು ಬರೀ ಬಿರುಕು, ಲಾಡಿ ಸಡಿಲಿಸಿದ ಮೇಲೆ ಕೂಡಿಕೊಂಡಿತು. ಎಲ್ಲರದೂ ಹಾಗೆ ಕೂಡಿಕೊಳ್ಳುವುದಿಲ್ಲ.

ಪಂಚೆ ಬಿಗಿದುಟ್ಟ ಸೊಂಟದಲ್ಲಿ ಇಂಥ ಕ್ಯಾನ್ಸರ್ ಹುಟ್ಟುವುದನ್ನು ಮುಂಬಯಿಯ ವಿ.ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಬರೆದಿಟ್ಟಿದ್ದಾರೆ. ಸೀರೆ ಉಡುವವರಲ್ಲೂ ಅದು ಆಮೇಲೆ ಮತ್ತೆ ಮತ್ತೆ ವರದಿಯಾಯಿತು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ವೃದ್ಧೆಯರ ಸಂಗತಿಯನ್ನು ಪ್ರಕಟಿಸಿದರು. ಒಬ್ಬರು ಸೊಂಟದ ಪಕ್ಕದ ಹುಣ್ಣನ್ನು ಒಂದೂವರೆ ವರ್ಷ ಸಹಿಸಿಕೊಂಡಿದ್ದರು, ಇನ್ನೊಬ್ಬರು ಎರಡು ವರ್ಷ. ಎರಡನೆಯವರಲ್ಲಿ ರೋಗ ತೊಡೆಸಂದಿನ ಗ್ರಂಥಿಗೆ ಆಗಲೇ ಇಳಿದಿತ್ತು. ಲಕ್ಷಾಂತರ ಹೆಂಗಸರಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಬರುವಂಥದ್ದು ಇದು, ಸೀರೆಯನ್ನು ಕಂಡು ಹೆದರಬೇಕಾಗಿಲ್ಲ. ಆದರೆ ಆ ಎರಡು ವರ್ಷ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ದಿನಾ ಬೆಳಗ್ಗೆ ಆ ಹುಣ್ಣಿನ ಮೇಲೆಯೇ ಸೀರೆ ಬಿಗಿದು ಅಡುಗೆಮನೆಗೆ ಹೋದ ಬೆಳಗುಗಳು ಎಷ್ಟಿರಬೇಕು!

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ರೋಗ ನೀರಿನಲ್ಲಿ ಬಂತು. ಒಂದು ಕಾಲಕ್ಕೆ ಚಿನ್ನ ತೆಗೆದ ಮಂಗಳೂರು ಶಿಲಾಪಟ್ಟಿಯ ನೆಲ ಅದು. (ಕರಾವಳಿಯ ಮಂಗಳೂರಲ್ಲ, ಅಲ್ಲಿಯದೇ ಹಳ್ಳಿ.) ಚಿನ್ನವಿರುವ ಬಂಡೆಯಲ್ಲಿ ಬಹಳ ಸಲ ಆರ್ಸೆನಿಕ್ ಕೂಡ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ತಿಳಿಯುವುದಿಲ್ಲ. ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿಯ ಹೆಚ್ಚಿನ ಕೊಳವೆಬಾವಿಗಳಲ್ಲಿ ಅದು ಮೀರಿತ್ತು. ತಪಾಸಣೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮೈಮೇಲೆ ಗುರುತುಗಳಿದ್ದವು. ಈ ವಿಷ ಅಂಗೈ ಅಂಗಾಲುಗಳಲ್ಲಿ ಗಟ್ಟಿ ಕಾಳುಗಳನ್ನು ಎಬ್ಬಿಸುತ್ತದೆ, ಎದೆ ಬೆನ್ನಿನ ಮೇಲೆ ಚುಕ್ಕೆ ಚೆಲ್ಲುತ್ತದೆ. ಕೆಲವರಲ್ಲಿ ಅದು ಚರ್ಮದ ಕ್ಯಾನ್ಸರಾಗಿಯೇ ಬೆಳೆದಿತ್ತು. ಬೋರ್‌ವೆಲ್ಲಿನ ಮುಂದೆ ಕೊಡ ಇಟ್ಟು ಸರದಿಗೆ ನಿಂತವರಿಗೆ ಅಂಗೈಯ ಒರಟು ದುಡಿಮೆಯದೆಂದೇ ಅನ್ನಿಸಿದ್ದರೆ ಆಶ್ಚರ್ಯವೇನು? ದುಡಿಯುವವರ ಅಂಗೈ ಒರಟಾಗಿರುವುದನ್ನೇ ನಾವೆಲ್ಲ ಸಹಜ ಎಂದು ಒಪ್ಪಿಕೊಂಡಿದ್ದೇವೆ.

ಕಾಶ್ಮೀರದಲ್ಲಿ ಚಳಿಗೆ ಫೆರನ್ ಎಂಬ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕೆಂಡದ ಮಡಕೆ ಕಾಂಗ್ರಿ ಹೊಟ್ಟೆ ತೊಡೆಗಳಲ್ಲಿ ಇಂಥ ಕ್ಯಾನ್ಸರನ್ನೇ ಹುಟ್ಟಿಸುವುದುಂಟು. ಎಳವೆಯಲ್ಲಿ ಹಂಡೆಯ ಬಿಸಿನೀರು ಬಿದ್ದು ಸುಟ್ಟ ಕಲೆ, ಕುಷ್ಠದಲ್ಲಿ ಸ್ಪರ್ಶ ಕಳೆದುಕೊಂಡ ಪಾದದ ಹುಣ್ಣು, ವರ್ಷಗಳಿಂದ ಒಸರುವ ಗಾಯ, ಇವೆಲ್ಲ ಹತ್ತಿಪ್ಪತ್ತು ವರ್ಷದ ಮೇಲೆ ಕ್ಯಾನ್ಸರಾಗಿ ತಿರುಗುವುದುಂಟು. ಫ್ರೆಂಚ್ ವೈದ್ಯ ಮಾರ್ಜೊಲೆ 1828ರಲ್ಲಿ ಬಣ್ಣಿಸಿದ ಈ ಬಗೆಯ ಹುಣ್ಣಿಗೆ ಅವನ ಹೆಸರೇ ಉಳಿದಿದೆ.

ಇದನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಸಹನೆಯ ಬಗ್ಗೆಯೇ ಪ್ರಶ್ನೆ ಏಳುತ್ತದೆ. ಸಹನೆ ದೊಡ್ಡ ಗುಣವೆಂದು ಕೇಳುತ್ತಲೇ ಬೆಳೆದವರು ನಾವು. ಕಷ್ಟವನ್ನು, ಮಾತನ್ನು, ಬಡತನವನ್ನು ಸಹಿಸಿಕೊಂಡವರನ್ನು ಹೊಗಳಿದೆವು. ಆ ಹೊಗಳಿಕೆ ಕೇಳಿ ಕೇಳಿ ಅವರು ಮೈಮೇಲಿನ ಹುಣ್ಣನ್ನೂ ಅದೇ ಪಟ್ಟಿಗೆ ಸೇರಿಸಿಕೊಂಡರು. ಸೊಂಟದ ಹುಣ್ಣನ್ನು ಯಾರಿಗೆ ತೋರಿಸುವುದೆಂಬ ನಾಚಿಕೆ ಬೇರೆ. ಆಸ್ಪತ್ರೆಯೆಂದರೆ ಮಗನ ಒಂದು ದಿನದ ರಜ, ಆಟೋ ಚಾರ್ಜು, ಮೊಮ್ಮಗಳನ್ನು ಸ್ಕೂಲಿನಿಂದ ಕರೆತರುವವರು ಯಾರೆಂಬ ಯೋಚನೆ. ಅವರ ಮೌನದಿಂದ ಮನೆಯ ಗಾಡಿ ಸಲೀಸಾಗಿ ಓಡುತ್ತದೆ, ಅದರ ಲಾಭ ಮನೆಯ ಉಳಿದವರಿಗೆಲ್ಲ ಸಿಗುತ್ತದೆ. ಸಹಿಸಿಕೊಳ್ಳಬೇಕಾದ ನೋವು ಬದುಕಿನಲ್ಲಿ ಬೇಕಾದಷ್ಟಿದೆ. ಮಾಯದ ಗಾಯ ಅವುಗಳಲ್ಲಿ ಒಂದಾಗಬಾರದು.

ಹೊತ್ತಿಗೆ ತೋರಿಸಿದರೆ ವಾಸಿಯಾಗುವ ಕ್ಯಾನ್ಸರುಗಳಲ್ಲಿ ಚರ್ಮದ ಕ್ಯಾನ್ಸರ್ ಮುಂಚೂಣಿಯದು. ಮೊದಲ ಸಲ ಕಾಣಿಸಿಕೊಂಡ ಸಣ್ಣ ಬೇಸಲ್ ಸೆಲ್ ಗಂಟನ್ನು ಸುತ್ತಲಿನ ಕೆಲವು ಮಿಲಿಮೀಟರ್ ಒಳ್ಳೆಯ ಚರ್ಮದೊಂದಿಗೆ ಕತ್ತರಿಸಿ ತೆಗೆದರೆ 100ಕ್ಕೆ 95ರಷ್ಟು ಜನರಲ್ಲಿ ಅದು ಮರಳಿ ಬರುವುದಿಲ್ಲ. ಕಣ್ಣು ಮೂಗಿನಂಥ ಜಾಗಗಳಿಗೆ ಅಮೆರಿಕದ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ರೂಪಿಸಿದ ವಿಧಾನವಿದೆ. ಒಂದೊಂದೇ ತೆಳು ಪದರ ತೆಗೆದು, ಆಗಿಂದಾಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಉಳಿದಲ್ಲಿ ಮಾತ್ರ ಮತ್ತೆ ಕೈಹಾಕುತ್ತಾರೆ. ಆಪರೇಷನ್ ತಾಳಲಾರದ ವಯಸ್ಸಾದವರಿಗೆ ವಿಕಿರಣ ಚಿಕಿತ್ಸೆ, ಮೇಲುಮೇಲಿನದಕ್ಕೆ ಮುಲಾಮು ಅಥವಾ ದ್ರವ ಸಾರಜನಕದ ಶೈತ್ಯ. ಕೈಮೀರಿ ಹರಡಿದ ಸ್ಕ್ವೇಮಸ್ ಬಗೆಗೆ 2018ರಿಂದ ಮೈಯ ರೋಗನಿರೋಧಕ ಶಕ್ತಿಯನ್ನೇ ಚುರುಕುಗೊಳಿಸುವ ಸೆಮಿಪ್ಲಿಮಾಬ್ ಎಂಬ ಔಷಧಿಯೂ ಬಳಕೆಗೆ ಬಂದಿದೆ, ಆದರೆ ಅದು ಬಡವರ ಕೈಗೆಟುಕುವ ಬೆಲೆಯದಲ್ಲ.

ಮೂಗಿನ ತುದಿಯನ್ನೇ ತೆಗೆಯಬೇಕಾಗಿ ಬಂದವರಿಗೆ ಹಣೆಯ ಚರ್ಮವನ್ನು ತಿರುಗಿಸಿ ತಂದು ಮೂಗು ಕಟ್ಟಿಕೊಡುತ್ತಾರೆ. ಈ ವಿದ್ಯೆ ಜಗತ್ತಿಗೆ ಹೋದದ್ದು ನಮ್ಮ ಕಡೆಯಿಂದ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬುವನು ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆ ಸೀಮೆಯ ಒಬ್ಬ ಸಾಮಾನ್ಯ ಕಸುಬುದಾರ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರಸಮೇತ ಅಚ್ಚುಹಾಕಿತು. ಓದಿದ ಅಲ್ಲಿಯ ವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ತಾನೂ ಮಾಡಿ ನೋಡಿದ. ಇಂದು ಕ್ಯಾನ್ಸರ್ ತೆಗೆದ ಮೂಗಿಗೆ ಶಸ್ತ್ರವೈದ್ಯರು ಬಳಸುವುದು ಆ ಹಣೆಯ ಚರ್ಮವನ್ನೇ.

ಚಾಕು ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಭಯ ಇನ್ನೂ ಗಟ್ಟಿಯಾಗಿದೆ. ಬಯಾಪ್ಸಿ ಎಂದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾಳುಮೆಣಸಿನಷ್ಟು ಚರ್ಮ ತೆಗೆಯುವುದು. ಅದರಿಂದ ರೋಗ ಹಬ್ಬುವುದಿಲ್ಲ. ತಡವಾದರೆ ಹಬ್ಬುತ್ತದೆ. 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನಮಗೆ ಊರೊಳಗೇ ಇದೆ. ಸುರಪುರದಿಂದ ಬರುವವರು ಒಂದಿಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕು. ಮೊದಲು ಅಲ್ಲಿಗೇ ಹೋಗಬೇಕೆಂದೂ ಇಲ್ಲ, ಹತ್ತಿರದ ಚರ್ಮದ ಡಾಕ್ಟರು ನೋಡಿ ಬೇಕಾದರೆ ಕಳಿಸುತ್ತಾರೆ.

ಈ ಭಾನುವಾರ ಎಣ್ಣೆಸ್ನಾನಕ್ಕೆ ಕೂತಾಗ ಮನೆಯ ಹಿರಿಯರ ಸೊಂಟದ ಗೆರೆ, ಅಂಗಾಲು, ಹಳೆಯ ಸುಟ್ಟ ಕಲೆ, ಮೂಗಿನ ಬದಿ, ಕಿವಿಯ ಹಿಂದೆ ಒಮ್ಮೆ ಬೆಳಕಿನಲ್ಲಿ ನೋಡಿ. ತಿಂಗಳಾದರೂ ಮಾಯದ್ದು, ಮುಟ್ಟಿದರೆ ರಕ್ತ ಬರುವುದು, ಅಂಚು ಗಟ್ಟಿಯಾದದ್ದು ಕಂಡರೆ ಸೋಮವಾರವೇ ತೋರಿಸಿ. ಲಾಡಿಯ ಬದಲು ಎರಡು ಬೆರಳಗಲದ ಪಟ್ಟಿ ಹೊಲಿಸಿಕೊಡಿ, ರಾತ್ರಿ ಅದನ್ನು ಸಡಿಲ ಬಿಡಲು ಹೇಳಿ. ಅವರು "ಏನೂ ಇಲ್ಲ ಬಿಡು" ಎನ್ನುತ್ತಾರೆ. ಆದರೂ ಕರೆದುಕೊಂಡು ಹೋಗಿ.