ರುದ್ರಭೂಮಿಯೂ ಜೀವದಯೆಯೂ

ಅಳಿದವರಿಗೆ ಉಳಿದವರು ಸಲ್ಲಿಸಬೇಕಾದ ಗೌರವವಾವುದು? ಸಮಾಧಿಯ ಕಲ್ಲನ್ನು ತೊಳೆದು, ಸುತ್ತಲಿನ ಹುಲ್ಲನ್ನು ಕಿತ್ತು, ಮತ್ತಾವ ಜೀವಿಯೂ ಅಲ್ಲಿ ಸುಳಿಯದಂತೆ ಕಾಯುವುದೇ ಗೌರವವೆಂದು ಬಹುಜನರ ಭಾವನೆ. ದೇಹವನ್ನು ಮಣ್ಣಿಗೊಪ್ಪಿಸುವ ಸಂಪ್ರದಾಯದವರಾದ ನಮಗೆ ಈ ಪ್ರಶ್ನೆಯು ಪರಕೀಯವಲ್ಲ. ಇದನ್ನು ವಿಚಾರಿಸಲು ದೂರದೇಶದ ಒಂದು ನಿದರ್ಶನವು ನೆರವಾಗುವುದು.

ಲಂಡನ್ ನಗರದ ಪೂರ್ವಭಾಗದಲ್ಲಿ ಟವರ್ ಹ್ಯಾಮ್ಲೆಟ್ಸ್ ಎಂಬ ಹಳೆಯ ಸ್ಮಶಾನವಿದೆ. ಇಗರ್ಜಿಗಳ ಅಂಗಳದಲ್ಲಿ ಹೂಳಲು ಎಡೆಯಿಲ್ಲದಂತಾದಾಗ ಅಂದಿನ ನಗರದ ಅಂಚಿನಲ್ಲಿ ತೆರೆದ ಏಳು ದೊಡ್ಡ ಸ್ಮಶಾನಗಳಲ್ಲಿ ಇದು ಕಡೆಯದು. 1841ರಲ್ಲಿ ತೆರೆದ ಇದನ್ನು 1966ರಲ್ಲಿ ಮುಚ್ಚಲಾಯಿತು. ಅಷ್ಟರಲ್ಲಿ ಸುಮಾರು 3,50,000 ಮಂದಿ ಇಲ್ಲಿ ಮಣ್ಣಾಗಿದ್ದರು. ಹೆಚ್ಚಿನವರು ಬಡವರು, ಸ್ವಂತ ಸಮಾಧಿಗೆ ಹಣವಿಲ್ಲದೆ, ಪರಸ್ಪರ ಪರಿಚಯವೇ ಇಲ್ಲದ ಹಲವರು ಒಂದೇ ಕುಣಿಯನ್ನು ಹಂಚಿಕೊಂಡರು.

ಮುಚ್ಚಿದ ಬಳಿಕ ಗೋರಿಗಳನ್ನು ತೆಗೆದು ಬಯಲು ಮಾಡುವ ಕೆಲಸ ಮೊದಲಾಯಿತು. ಜನರ ವಿರೋಧದಿಂದ ಅದು ನಿಂತಿತು. 1990ರಲ್ಲಿ ಈ ಸ್ಮಶಾನದ ಮಿತ್ರಮಂಡಳಿಯೊಂದು ಹುಟ್ಟಿತು. ಇಂದು ಅದು ನಗರದ ನಡುವಣ ನಿಸರ್ಗಧಾಮವಾಗಿದೆ. ಹಕ್ಕಿ, ನರಿ, ಚಿಟ್ಟೆ, ಜೇನುಗಳಿಗೆ ಅಲ್ಲಿ ಆಶ್ರಯ ದೊರೆತಿದೆ.

"ಇದು ಉಪೇಕ್ಷೆಗೆ ಒಳ್ಳೆಯ ಹೆಸರಿಟ್ಟಂತಲ್ಲವೆ? ತಾಯಿಯ ಸಮಾಧಿಯನ್ನರಸಿ ಬಂದ ಮಗನಿಗೆ ಮುಳ್ಳುಪೊದೆ ಕಂಡರೆ ಮನಸ್ಸು ನೋಯದೆ?" ಎಂದು ಕೇಳಬಹುದು. ಆಕ್ಷೇಪವು ಹಗುರವಾದುದಲ್ಲ. ಆದರೆ ಕೈಬಿಡುವುದು ಬೇರೆ, ಎಡೆಗೊಡುವುದು ಬೇರೆ. ಕೈಬಿಟ್ಟ ನೆಲದಲ್ಲಿ ಮರದ ಸಸಿಗಳು ದಟ್ಟೈಸಿ, ನೆರಳು ಕವಿದು, ಹೂಗಿಡಗಳೂ ಅವನ್ನು ನಂಬಿದ ಚಿಟ್ಟೆಗಳೂ ಇಲ್ಲವಾಗುವವು. ಎಡೆಗೊಡುವವನಿಗಾದರೋ ಕೆಲಸ ಬಹಳ. ಹೆಚ್ಚಿದ ಸಸಿಗಳನ್ನು ಅವನು ಕೀಳಬೇಕು. ಬೀಜ ಉದುರಿದ ಮೇಲೆಯೇ ಹುಲ್ಲನ್ನು ಕೊಯ್ದು ಹೊರಸಾಗಿಸಬೇಕು. ಬಿದ್ದ ದಿಮ್ಮಿಯನ್ನು ಅದರಲ್ಲಿ ಬೆಳೆಯುವ ಹುಳುಗಳಿಗೆಂದು ಬಿಡಬೇಕು. ಅಲ್ಲಿನ ಐವಿ ಬಳ್ಳಿಯು ಶರತ್ಕಾಲದಲ್ಲಿ ಹೂತು ಜೇನಿಗೆ ಉಣಿಸಾಗುವುದು. ಆದರೂ ಅದು ಕಲ್ಲನ್ನು ಕೆಡಿಸುವೆಡೆಯಲ್ಲಿ ಕತ್ತರಿಸಬೇಕು. ಬಂಧುಗಳು ಬರುವ ಸಮಾಧಿಗೆ ದಾರಿಯು ತೆರೆದಿರಬೇಕು. ವಿವೇಕವಿಲ್ಲದ ದಯೆಯು ಸೋಮಾರಿತನಕ್ಕೆ ಮುಸುಕಾದೀತು.

ಬದುಕಿದ್ದಾಗ ಗೇಣು ನೆಲವೂ ಇಲ್ಲದಿದ್ದವರು ಅಳಿದ ಮೇಲೆ ಇಷ್ಟೊಂದು ಜೀವಿಗಳಿಗೆ ನೆಲೆಯಾದರೆಂದು ನಾವು ಹಿಗ್ಗಬಹುದು. ಆದರೆ ಈ ದಾಸೋಹವನ್ನು ಅವರು ತಾವಾಗಿ ಮಾಡಿದವರಲ್ಲ. ಅವರ ಹೆಸರಿನಲ್ಲಿ ಉಳಿದವರು ಮಾಡುತ್ತಿರುವರು. ಪರರ ನೆಲದಿಂದ ದಾನ ಮಾಡುವವನ ಹೊಣೆಯು ಇಮ್ಮಡಿಯಾದುದು. ಇದ್ದ ಹೆಸರನ್ನು ಅಳಿಸದೆ, ಬಂದ ಜೀವವನ್ನು ಅಟ್ಟದೆ, ಎರಡನ್ನೂ ಕಾಯುವುದೇ ಆ ಹೊಣೆ.

ಬಸವಾದಿ ಶರಣರು ದಯೆಗೆ ಎಲ್ಲೆ ಕಟ್ಟಿದವರಲ್ಲ. ನಮ್ಮೂರ ರುದ್ರಭೂಮಿಯನ್ನು ಚೊಕ್ಕಟ ಮಾಡಲೆಂದು ಕುಡುಗೋಲೆತ್ತುವಾಗ, ಆ ಪೊದೆಯಲ್ಲಿ ಯಾರ ಗೂಡಿದೆಯೆಂದು ಒಮ್ಮೆ ಬಾಗಿ ನೋಡೋಣ. ಹಿರಿಯರ ಸಮಾಧಿಯ ಮುಂದೆ ಬಾಗುವ ತಲೆಗೆ ಅದು ಹೊಸ ಶ್ರಮವೇನಲ್ಲ.