ಗಾಳಿಯ ಲೆಕ್ಕ, ದಿಗ್ವ್ರತದ ಲೆಕ್ಕ

1939ರ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ಚಕ್ರಗಳೇ ಕಾಣದಂಥ ಒಂದು ಕಾರು ನಿಂತಿತ್ತು. ಮುಂಭಾಗ ಉರುಟು, ಹಿಂದೆ ಹೋದಂತೆ ಸಪೂರ. ಗೋಟಿಂಗೆನ್‌ನ ವಾಯುಚಲನ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಕಾರ್ಲ್ ಶ್ಲೋರ್ ವಿಮಾನದ ರೆಕ್ಕೆಯ ಆಕಾರವನ್ನೇ ಅದರ ಬಾಡಿಗೆ ಕೊಟ್ಟಿದ್ದರು. ತಿರುಗುವ ಮುಂದಿನ ಚಕ್ರಗಳೂ ಹೊದಿಕೆಯ ಒಳಗೇ ಇರಬೇಕಾಗಿದ್ದರಿಂದ ಅಗಲ 2.10 ಮೀಟರ್ ಆಗಿತ್ತು. ‘ಗೋಟಿಂಗೆನ್ ಮೊಟ್ಟೆ’ ಎಂಬ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು.

ಚಾಸಿಸ್ಸು, ಎಂಜಿನ್ನು ಮರ್ಸಿಡಿಸ್ 170 ಎಚ್‌ನವೇ. ಹೊಸ ಬಾಡಿಯಿಂದ ತೂಕ ಹೆಚ್ಚಾಯಿತು. ಆದರೂ ಕಾರು ಗಂಟೆಗೆ ಸುಮಾರು 135 ಕಿ.ಮೀ. ಓಡಿತು, ಮೂಲ ಕಾರಿಗಿಂತ ಸುಮಾರು 20 ಹೆಚ್ಚು. 100 ಕಿ.ಮೀ.ಗೆ 10-12 ಲೀಟರ್ ಪೆಟ್ರೋಲು ಕುಡಿಯುತ್ತಿದ್ದ ಜಾಗದಲ್ಲಿ ಸುಮಾರು 8 ಲೀಟರ್ ಸಾಕಾಯಿತು.

ಇಷ್ಟು ಉಳಿಸಿಕೊಡುವ ಯಂತ್ರ ಮನುಷ್ಯನಿಗೆ ಸಂಯಮ ಕಲಿಸೀತೆ?

ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆಕಾರ ಎಂಜಿನಿಯರನ ಕೈಯಲ್ಲಿದೆ. ವೇಗ ಮಾತ್ರ ಓಡಿಸುವವನ ಪಾದದಡಿಯ ಆಕ್ಸಿಲರೇಟರಿನಲ್ಲಿ. ಶ್ಲೋರ್ ಗಳಿಸಿಕೊಟ್ಟ ಲಾಭವನ್ನು ಪೆಟ್ರೋಲು ಉಳಿಸಲೂ ಬಳಸಬಹುದು, ಇನ್ನೂ ಜೋರಾಗಿ ಓಡಲೂ ಬಳಸಬಹುದು. ಎಂಜಿನ್ ಸುಧಾರಿಸಿದಷ್ಟೂ ಬ್ರಿಟನ್ನಿನ ಕಲ್ಲಿದ್ದಲ ಬಳಕೆ ಏರುತ್ತದೆಂದು ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಎಚ್ಚರಿಸಿದ್ದರು.

ಸಂಯಮದ ಲೆಕ್ಕವೇ ಬೇರೆ. ಜೈನ ಶ್ರಾವಕರ, ಅಂದರೆ ಗೃಹಸ್ಥರ, ಗುಣವ್ರತಗಳಲ್ಲಿ ದಿಗ್ವ್ರತ ಎಂಬುದೊಂದಿದೆ. ಈ ದಿಕ್ಕಿನಲ್ಲಿ ಆ ನದಿಯವರೆಗೆ, ಆ ದಿಕ್ಕಿನಲ್ಲಿ ಈ ಬೆಟ್ಟದವರೆಗೆ, ಅದರಾಚೆ ಹೆಜ್ಜೆಯಿಡುವುದಿಲ್ಲ ಎಂದು ಗೃಹಸ್ಥ ತಾನೇ ಗೆರೆ ಎಳೆದುಕೊಳ್ಳುತ್ತಾನೆ. ಗೆರೆಯಾಚೆಯ ಜೀವಿಗಳಿಗೆ ಅವನ ಓಡಾಟದಿಂದ ಹಿಂಸೆಯಿಲ್ಲ. ಅವನ ಗಾಡಿ ಎಷ್ಟು ಹಗುರ, ಎಷ್ಟು ನಯ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಶ್ಲೋರ್ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಅಳೆದರು. ದಿಗ್ವ್ರತ ಕೇಳುವುದು ಎಷ್ಟು ದೂರದವರೆಗೆ ಎಂದು. ಈ ಎರಡನೆಯ ಪ್ರಶ್ನೆಗೆ ಯಾವ ವಾಯುಸುರಂಗದಲ್ಲೂ ಉತ್ತರ ಸಿಗದು.

1942ರಲ್ಲಿ ಅದೇ ಕಾರಿನ ಹಿಂಬದಿಗೆ, ಯುದ್ಧದಲ್ಲಿ ವಶಪಡಿಸಿಕೊಂಡ ಸೋವಿಯತ್ ವಿಮಾನದ ಎಂಜಿನ್ನು, ಪ್ರೊಪೆಲ್ಲರು ಕಟ್ಟಿ ಓಡಿಸಿ ನೋಡಿದರು. ಮಿತವ್ಯಯದ ಆಕಾರ ಅದಕ್ಕೂ ಒದಗಿಬಂತು.

ಹಾಗೆಂದು ಶ್ಲೋರ್ ಪಟ್ಟ ಶ್ರಮ ವ್ಯರ್ಥವಲ್ಲ. ಗೆರೆ ಎಳೆದುಕೊಂಡವನೂ ಗೆರೆಯೊಳಗೆ ಓಡಾಡಲೇಬೇಕು: ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು, ಬೆಳೆದದ್ದನ್ನು ಸಂತೆಗೆ ಸಾಗಿಸಬೇಕು. ಅಲ್ಲಿ 12 ಲೀಟರಿನ ಬದಲು 8 ಸುಟ್ಟರೆ ನೆಲಕ್ಕೂ ಉಸಿರಿಗೂ ಆಗುವ ಹಾನಿ ಅಷ್ಟರಮಟ್ಟಿಗೆ ನಿಜವಾಗಿಯೇ ತಗ್ಗುತ್ತದೆ. ಅಹಿಂಸೆಯನ್ನು ನಂಬುವವರು ಎಂಜಿನಿಯರನಿಗೆ ಈ ಋಣವನ್ನು ಒಪ್ಪಿಕೊಳ್ಳಬೇಕು. ಗೆರೆ ಎಳೆಯುವ ಕೆಲಸವನ್ನು ಮಾತ್ರ ಅವನ ತಲೆಗೆ ಕಟ್ಟಬಾರದು.