ಕಪ್ಪು ರೂಪಾಯಿ

ದೀಪಾವಳಿ ಬಂತಂದ್ರೆ ರಾಯಚೂರು, ಮಾನ್ವಿ, ದೇವದುರ್ಗದ ಎಷ್ಟೋ ಹಳೆ ಮನೆಗಳಲ್ಲಿ ಬೆಳ್ಳಿ ರೂಪಾಯಿಗಳು ಪೆಟ್ಟಿಗೆಯಿಂದ ಹೊರಬರುತ್ತವೆ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಸೀಮೆ. ಹಾಗಾಗಿ ರಾಣಿ ರೂಪಾಯಿಯ ಜೊತೆ ಚಾರ್‌ಮಿನಾರ್ ಇರುವ ಹಾಲಿ ಸಿಕ್ಕಾಗಳೂ ಸಿಗುತ್ತವೆ. ಆ ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಪುಟ್ಟ ಅಕ್ಷರ ಇರುತ್ತದೆ: 'ಮೀಮ್' ಇದ್ದರೆ ಮಹಬೂಬ್ ಅಲಿ ಖಾನ್ ಕಾಲದ್ದು, 'ಐನ್' ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನ್ ಕಾಲದ್ದು. ನಮ್ಮ ಮನೆಯ ನಾಲ್ಕರಲ್ಲಿ ಎರಡಕ್ಕೆ ಬಾಗಿಲಿದೆ, ಅಕ್ಷರ ಇಲ್ಲ. ವರ್ಷಾ ವರ್ಷಾ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಹೋಗಿದೆ.

"ಕಪ್ಪ ರೂಪಾಯಿ ಲಕ್ಷ್ಮಿ ಮುಂದ ಹೆಂಗ ಇಡ್ಲೋ?" ಅಂತಾಳೆ ಅವ್ವ. ತಿಕ್ಕಿದರೆ ಬೆಲೆ ಇಳಿಯುತ್ತೆ ಅನ್ನೋದು ನಾಣ್ಯ ಸಂಗ್ರಾಹಕರ ಉತ್ತರ. ನಿಜವೇ, ಆದರೆ ಮಾರೋ ಯೋಚನೆಯೇ ಇಲ್ಲದವಳಿಗೆ ಅದು ಉತ್ತರ ಆಗಲ್ಲ.

ನಾವು ಕೊಳೆ ಅಂತ ತಿಳಿದಿರೋದು ಕೊಳೆ ಅಲ್ಲ. ಗಾಳಿಯಲ್ಲಿನ ಗಂಧಕದ ಅಂಶ ಸೇರಿ ರೂಪಾಯಿಯ ಮೇಲ್ಪದರದ ಬೆಳ್ಳಿಯೇ ಕಪ್ಪಾಗಿರುತ್ತದೆ. ಬೂದಿಯಲ್ಲೋ ಟೂತ್‌ಪೇಸ್ಟಿನಲ್ಲೋ ತಿಕ್ಕಿದಾಗ ನೀರಿಗೆ ಹೋಗೋದು ಆ ಬೆಳ್ಳಿ. ಅಂದರೆ ಲಕ್ಷ್ಮಿಗೆ ಹೊಳಪು ತೋರಿಸೋಕೆ ಪ್ರತಿ ಹಬ್ಬಕ್ಕೂ ಲಕ್ಷ್ಮಿಯದೇ ಒಂದಿಷ್ಟು ಬಚ್ಚಲಿಗೆ ಬಿಡ್ತಿದ್ದೇವೆ! ಬಿಸಿನೀರು, ಅಡುಗೆ ಸೋಡಾ, ಅಲ್ಯೂಮಿನಿಯಂ ಫಾಯಿಲ್‌ನ ಉಪಾಯ ಕಪ್ಪನ್ನು ಮತ್ತೆ ಬೆಳ್ಳಿಯಾಗಿಸುತ್ತೆ, ಆದರೆ ಮೇಲ್ಮೈ ಮಂಕಾಗಿ ಉಳಿಯುತ್ತೆ. ಹಾಗೆ ಬೆಳಗಿದ ನಾಣ್ಯವನ್ನು ಮುಟ್ಟದ ನಾಣ್ಯ ಅಂತ ಮಾರೋದು ಮೋಸ. ಅದರಲ್ಲಿ ಚರ್ಚೆಗೇನೂ ಇಲ್ಲ.

ಚರ್ಚೆ ಇರೋದು ಅವ್ವನ ಜೊತೆ. ಮಡಿ ಆಗೋದು ನೀರಿನಿಂದ, ಹೊಳಪಿನಿಂದ ಅಲ್ಲವಲ್ಲ? ಸ್ನಾನ ಮಾಡಿ ಬಂದವರು ಕಪ್ಪಗಿದ್ದಾರೆ ಅಂತ ಯಾರಾದರೂ ಮೈ ತಿಕ್ಕಿಸ್ತಾರಾ? ಇದನ್ನೇ ಹೇಳಿದಾಗ ಅವ್ವ, "ಮಂದಿ ಬ್ಯಾರೆ, ರೊಕ್ಕ ಬ್ಯಾರೆ" ಅಂದಳು. ಅವಳ ಮಾತಲ್ಲೂ ಹುರುಳಿದೆ. ದೇವರಿಗೆ ಇದ್ದದ್ದರಲ್ಲಿ ಚೆಂದದ್ದನ್ನೇ ಕೊಡಬೇಕು ಅನ್ನೋ ಮನಸ್ಸನ್ನು ನಾನು ಕೆಮಿಸ್ಟ್ರಿಯಿಂದ ಸೋಲಿಸಲಾರೆ, ಸೋಲಿಸಲೂಬಾರದು. ಆದರೆ ಆ ರೂಪಾಯಿ ಅವಳಿಗೆ ಬಂದದ್ದು ಅವಳ ಅತ್ತೆಯಿಂದ, ಮುಂದೆ ಹೋಗೋದು ಮೊಮ್ಮಗಳಿಗೆ. ಉಳಿದ ಆ 'ಐನ್' ನೋಡುವ ಹಕ್ಕು ಅವಳಿಗೂ ಇದೆಯಲ್ಲ?

ಸದ್ಯಕ್ಕೆ ರಾಜಿ ಆಗಿದೆ. ಅಕ್ಷರ ಹೋದ ಎರಡನ್ನು ಅವ್ವ ಬೆಳಗ್ತಾಳೆ. ಉಳಿದ ಎರಡನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ತಿಕ್ಕದೆ, ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ, ಅರಿಶಿನ ಕುಂಕುಮ ಮುಟ್ಟಿಸದೆ ತಟ್ಟೆಯ ಒಂದು ಬದಿಗೆ ಇಡ್ತೇವೆ. ಹಬ್ಬ ಮುಗಿದ ಮೇಲೆ ಕಟ್ಟಿಡೋಕೆ ರಬ್ಬರ್ ಬ್ಯಾಂಡ್ ಮಾತ್ರ ಬೇಡ, ಅದರಲ್ಲೂ ಗಂಧಕ ಇರುತ್ತೆ.